ಹಂದಿ, ಕೋವಿ, ತೋಟಾ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಬಂತೆಂದರೆ ಹೊಳಲ್ಕೆರೆ ಸೀಮೆಯ ನಾವು ಕೋವಿದಾರರು ಠಾಣೆ ಮುಂದೆ ಸಾಲು ನಿಲ್ಲುತ್ತೇವೆ. ಕೋವಿ ಒಪ್ಪಿಸಿ ರಸೀದಿ ಇಸಕೊಳ್ಳಬೇಕಲ್ಲ. ಕೆಳಗಿನ ಅರ್ಧ ಪ್ರಶ್ನೆಗಳು ಹುಟ್ಟಿದ್ದು ಆ ಸಾಲಿನಲ್ಲೇ. ಮಿಕ್ಕವು ಸಂತೆ ದಿನ ಚಹಾ ಕುಡಿಯುವಾಗ, ಜಗಳೂರು ಕಡೆಯ ನೆಂಟರು ರಾತ್ರಿ ಫೋನು ಮಾಡಿದಾಗ ಬಂದವು. ಅಪ್ಪನ ಕೇಪಿನ ಕೋವಿಯಿಂದ ಹಿಡಿದು ಈಗಿನ ಒಂಟಿನಳಿಗೆ 12 ಬೋರಿನವರೆಗೆ ಮೆಕ್ಕೆಜೋಳ ಕಾದುಕೊಂಡೇ ಬಂದವನು ನಾನು. ವಕೀಲನಲ್ಲ, ಬೇಟೆಗಾರನೂ ಅಲ್ಲ. ಕೇಳಿದವರ ಮಾತನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಕೋವಿ ಮುಟ್ಟುವ ಮೊದಲು

ಬೆಳೆ ಕಾಯೋ ಲೈಸೆನ್ಸ್ ಐತೆ. ಹೊಲಕ್ಕೆ ಬಿದ್ದ ಹಂದೀನ ಹೊಡೀಬೋದು ಅಲ್ವಾ?

ಇಲ್ಲ. ಲೈಸೆನ್ಸು ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಾಗದ. ಪ್ರಾಣಿಯ ಲೆಕ್ಕವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ಆ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಿತ ಪ್ರಾಣಿ.

ದಾರಿ ಇಲ್ಲವೆಂದಲ್ಲ. ಎರಡನೇ ಅನುಸೂಚಿಯ ಪ್ರಾಣಿಯಿಂದ ಜನರ ಜೀವಕ್ಕೋ ಆಸ್ತಿಗೋ ಅಪಾಯವಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಸೆಕ್ಷನ್ 11(1)(ಬಿ) ಹೇಳುವುದು ಇದನ್ನೇ. ಅಲ್ಲಿ 'ಆಸ್ತಿ' ಎಂಬುದಕ್ಕೆ ನಿಂತ ಬೆಳೆಯೂ ಸೇರಿದೆ. ಆದರೆ ಆದೇಶ ಬರಹದಲ್ಲಿರಬೇಕು. ಗಾರ್ಡು ಬಾಯಲ್ಲಿ 'ಹೊಡ್ಕೊಳ್ರಪ್ಪ' ಅಂದದ್ದು ನಾಳೆ ಕೋರ್ಟಿನಲ್ಲಿ ಉಳಿಯುವುದಿಲ್ಲ. ಅನುಮತಿ ಪಡೆದು ಹೊಡೆದರೂ ಹಂದಿ ಸರ್ಕಾರದ ಸ್ವತ್ತು, ಬಾಡೂಟದ ಆಸೆ ಇಟ್ಟುಕೊಳ್ಳಬೇಡಿ. ಕಾಗದವಿಲ್ಲದೆ ಹೊಡೆದು ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬಿಹಾರದಾಗೆ ಹಂದಿ ಹೊಡೆಯೋಕೆ ಬಿಟ್ಟಿದ್ರಂತೆ. ನಮಗೆ ಯಾಕಿಲ್ಲ?

ಬಿಟ್ಟಿದ್ದು ನಿಜ. ಸೆಕ್ಷನ್ 62ರ ಕೆಳಗೆ ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ಇಂಥ ಜಾಗದಲ್ಲಿ, ಇಷ್ಟು ಕಾಲ 'ಪೀಡೆ ಪ್ರಾಣಿ' ಎಂದು ಸಾರಬಹುದು. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ ಮತ್ತು ಕಾಡುಹಂದಿಗೆ, 2016ರಲ್ಲಿ ಉತ್ತರಾಖಂಡದಲ್ಲಿ ಕಾಡುಹಂದಿಗೆ, ಹಿಮಾಚಲದಲ್ಲಿ ಕೋತಿಗೆ ಹೀಗೆ ಮಾಡಿದ್ದರು. ಅದೂ ಗೊತ್ತುಪಡಿಸಿದ ಅವಧಿಗೆ ಮಾತ್ರ. ಅದರ ಆಧಾರದ ಮೇಲೆ ಚಳ್ಳಕೆರೆಯಲ್ಲಿ ಈಡು ಹೊಡೆಯಲು ಬರುವುದಿಲ್ಲ.

ನವಿಲು, ಕೃಷ್ಣಮೃಗ, ಕೋತಿ?

ಮೂರೂ ಮೊದಲನೇ ಅನುಸೂಚಿಯವು, ಅಂದರೆ ಇನ್ನೂ ಬಿಗಿ ರಕ್ಷಣೆಯವು. ಕರಡಿ, ಚಿರತೆ, ಕೊಂಡುಕುರಿಯೂ ಅಲ್ಲೇ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಜೀವಿಧಾಮ ಇರುವುದೇ ಕೊಂಡುಕುರಿಗಾಗಿ. ಇವುಗಳಿಗೆ ಕೋವಿ ಎತ್ತಿದರೆ ಶಿಕ್ಷೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷ. ಹೊಡೆಯಲು ಹೋಗಿ ತಪ್ಪಿದರೂ ಕಾಯ್ದೆಯ ಕಣ್ಣಿಗೆ ಅದು ಬೇಟೆಯೇ.

ಬೆಳೆ ಕಾಯೋಕೆ ಯಾವ ಕೋವಿ ಕೊಡ್ತಾರೆ? ಕೊಡಗಿನೋರಿಗೆ ಲೈಸೆನ್ಸೇ ಬೇಡವಂತೆ?

ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದದ್ದು, ನಮಗೆ ಅನ್ವಯಿಸದು. ನಮ್ಮಲ್ಲಿ ಅರ್ಜಿ ಜಿಲ್ಲಾಧಿಕಾರಿಗೆ ಹೋಗುತ್ತದೆ, ಪೊಲೀಸ್ ವರದಿ ಬರಬೇಕು, ವಯಸ್ಸು 21 ತುಂಬಿರಬೇಕು.

ಶಸ್ತ್ರಾಸ್ತ್ರ ಕಾಯ್ದೆಯ 13(3) ಸೆಕ್ಷನ್ ಓದಿದರೆ ಒಂದು ವಿಷಯ ಸ್ಪಷ್ಟ. ಬೆಳೆ ರಕ್ಷಣೆಗೆ ಅದು ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ, ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಇಂಚಿಗಿಂತ ಕಡಿಮೆಯಿಲ್ಲದ, ಒಳಗೆ ನುಣುಪಾದ ನಳಿಗೆಯ ತೋಟಾ ಕೋವಿ. ಬೆಳೆ ರಕ್ಷಣೆಗೆ ರೈಫಲ್ಲಿನ ಮಾತೇ ಅಲ್ಲಿಲ್ಲ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷವಾಗಿದೆ. ನವೀಕರಣ ಮರೆಯುವುದಕ್ಕೂ ಅದೇ ಕಾರಣವಾಗಿದೆ, ಹುಷಾರು.

ಏರ್‌ಗನ್ನಿಗೆ ಲೈಸೆನ್ಸ್ ಬೇಡವಲ್ಲ, ಸೂರ್ಯಕಾಂತಿಗೆ ಬರೋ ಗಿಳಿ ಹೊಡೀಬೋದಾ?

0.177 ಇಂಚು ಬೋರಿನ, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸು ಬೇಡ. ಗಿಳಿಗೆ ಮಾತ್ರ ಕಾಯ್ದೆಯ ರಕ್ಷಣೆ ಇದ್ದೇ ಇದೆ. ಕವಣೆ ಬೀಸುವುದು, ಖಾಲಿ ಡಬ್ಬ ಬಡಿಯುವುದು ನಮ್ಮ ಅಜ್ಜಿಗೆ ಗೊತ್ತಿತ್ತು. ತೆನೆ ಬಲಿಯುವ ಎರಡು ವಾರ ಬೆಳಗಿನ ಜಾವ ಮತ್ತು ಸಂಜೆ ಒಬ್ಬರು ಹೊಲದಲ್ಲಿದ್ದರೆ ಸಾಕು.

## ತೋಟಾ, ಚರೆ, ನಳಿಗೆ

12 ಬೋರ್ ಅಂದ್ರೆ ಏನು ಹನ್ನೆರಡು?

ಒಂದು ಪೌಂಡ್, ಅಂದರೆ 454 ಗ್ರಾಂ ಸೀಸವನ್ನು 12 ಸಮ ಉಂಡೆ ಮಾಡಿ. ಒಂದು ಉಂಡೆ ಯಾವ ನಳಿಗೆಗೆ ಸರಿಯಾಗಿ ಕೂರುತ್ತದೋ ಅದು 12 ಬೋರ್, ಸುಮಾರು 18.5 ಮಿಲಿಮೀಟರ್. 20 ಉಂಡೆ ಮಾಡಿದರೆ ಉಂಡೆ ಚಿಕ್ಕದಾಗಿ 15.6 ಮಿಲಿಮೀಟರಿನ 20 ಬೋರ್ ಆಗುತ್ತದೆ. ಅದಕ್ಕೇ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. .410 ಮಾತ್ರ ಈ ಲೆಕ್ಕಕ್ಕೆ ಸಿಗದು, ಅದು ಇಂಚಿನ ಅಳತೆ.

ಇದು ಬರೀ ಲೆಕ್ಕದ ಮಾತಲ್ಲ. 20 ಬೋರಿನ ತೋಟಾ 12 ಬೋರಿನ ಕೋವಿಗೆ ಬಿದ್ದರೆ ಕೋಣೆ, ಅಂದರೆ ತೋಟಾ ಕೂರುವ ಜಾಗ, ದಾಟಿ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆ ಎಂದುಕೊಂಡು ಹಿಂದೆ 12 ಬೋರಿನ ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ, ಮುಂದೆ ಹಿಡಿದ ಎಡಗೈ ಹೋಗುತ್ತದೆ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದೇ ಕಾರಣಕ್ಕೆ. ಎರಡೂ ಬೋರಿನ ಕೋವಿ ಇರುವ ಮನೆಯಲ್ಲಿ ಒಂದೇ ಚೀಲದಲ್ಲಿ ತೋಟಾ ಇಡಬೇಡಿ.

ಡಬ್ಬಿ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ, 4, 6 ಅಂತ ಇರ್ತದೆ. ಹಂದಿಗೆ ಯಾವುದು?

ಅದು ಚರೆಯ, ಅಂದರೆ ತೋಟಾದೊಳಗಿನ ಸೀಸದ ಗುಂಡುಗಳ ಗಾತ್ರ. ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ಪದ್ಧತಿ. ಎಲ್‌ಜಿ 9.1 ಮಿ.ಮೀ., ಎಸ್‌ಜಿ 8.4, ಬಿಬಿ 4.1, 4ನೇ ನಂಬರ್ 3.1, 6ನೇ ನಂಬರ್ 2.6. ಒಂದು ಔನ್ಸಿಗೆ, ಅಂದರೆ 28 ಗ್ರಾಂ ಚಿಲ್ಲರೆಗೆ, ಎಸ್‌ಜಿ ಚರೆ 8 ತೂಗಿದರೆ ಬಿಬಿ 70, 6ನೇ ನಂಬರು 270 ತೂಗುತ್ತದೆ. ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ತೋಟಾ ತಂದರೂ ಬೇರೆಯದು ತಂದರೂ ಡಬ್ಬಿ ಮೇಲಿನ ಈ ಅಕ್ಷರ ನೋಡಿಯೇ ತೆಗೆದುಕೊಳ್ಳಿ.

ಸಣ್ಣ ಚರೆ ಹಕ್ಕಿಗೆಂದು ಮಾಡಿದ್ದು. 4 ಅಥವಾ 6ನೇ ನಂಬರಿನಲ್ಲಿ ಹಂದಿಗೆ ಹೊಡೆದರೆ ಅದು ಸಾಯುವುದಿಲ್ಲ. ಗಂಡುಹಂದಿಯ ಭುಜದ ಚರ್ಮ ಹಲಗೆಯ ಹಾಗೆ ಗಡುಸು, ಚರೆ ಅಲ್ಲೇ ನಿಂತು ಗಾಯ ಕೊಳೆತು ಎಂಟು ದಿನ ನರಳುತ್ತದೆ. 'ಹೆದರಿಸೋಕೆ ಸಣ್ಣ ಚರೆ ಹಾಕ್ತೀನಿ' ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಹೆದರಿಸಬೇಕೆಂದರೆ ಪಟಾಕಿ ಇದೆ. ಬರಹದ ಅನುಮತಿ ಕೈಯಲ್ಲಿದ್ದು ಹೊಡೆಯಲೇಬೇಕೆಂದರೆ ಎಸ್‌ಜಿ ಅಥವಾ ಎಲ್‌ಜಿ, ಅದೂ ಹತ್ತಿರದಿಂದ.

ಹತ್ತಿರ ಅಂದ್ರೆ ಎಷ್ಟು? ಚರೆ ಎಷ್ಟು ದೂರ ಹೋಗ್ತದೆ?

ಇವು ಎರಡು ಬೇರೆ ಪ್ರಶ್ನೆ. ಎಷ್ಟು ದೂರದಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಒಂದು, ಎಷ್ಟು ದೂರದಲ್ಲಿ ಇನ್ನೊಬ್ಬರ ಕಣ್ಣು ತೆಗೆಯುತ್ತದೆ ಅನ್ನುವುದು ಇನ್ನೊಂದು.

ಬಾಯಿ ಬಿಗಿಯಿಲ್ಲದ ಸಾದಾ ನಳಿಗೆಯಲ್ಲಿ ಚರೆ ಒಂದು ಗಜಕ್ಕೆ ಸುಮಾರು ಒಂದು ಇಂಚಿನಂತೆ ಹರಡುತ್ತಾ ಹೋಗುತ್ತದೆ. 40 ಗಜಕ್ಕೆ ಒಂದು ಮೀಟರ್ ಅಗಲ. ಎಸ್‌ಜಿ ತೋಟಾದಲ್ಲಿ ಇರುವುದು ಒಂಬತ್ತು ಚರೆ. ಹಂದಿಯ ಎದೆಗೂಡಿನಲ್ಲಿ ಪ್ರಾಣ ಇರುವ ಜಾಗ ಊಟದ ತಟ್ಟೆಯಷ್ಟು. ಮೀಟರಗಲದ ಒಂಬತ್ತು ಚುಕ್ಕಿಯಲ್ಲಿ ತಟ್ಟೆಯೊಳಗೆ ಒಂದೋ ಎರಡೋ ಬಿದ್ದರೆ ಅದೃಷ್ಟ. ಅದಕ್ಕೆ 25 ಗಜ ದಾಟಿದರೆ ನಾನು ಹೊಡೆಯುವುದಿಲ್ಲ. ನಿಮ್ಮ ಕೋವಿ ಹೇಗೆ ಹರಡುತ್ತದೆ ಎಂಬುದು ತಿಳಿಯಬೇಕಾದರೆ ಗುಂಡು ಹಾರಿಸಲು ಅನುಮತಿಯಿರುವ ಜಾಗದಲ್ಲಿ ದೊಡ್ಡ ರಟ್ಟಿಗೆ ಹೊಡೆದು ಎಣಿಸಿ.

ಇನ್ನು ಅಪಾಯದ ದೂರ. ಚರೆಯ ದಪ್ಪದ ಪ್ರತಿ ಮಿಲಿಮೀಟರಿಗೆ ಸುಮಾರು 80 ಮೀಟರ್ ಲೆಕ್ಕ ಹಾಕಿ. 6ನೇ ನಂಬರ್ 200 ಮೀಟರ್, ಬಿಬಿ 300 ದಾಟುತ್ತದೆ, ಎಸ್‌ಜಿ 650 ಮೀಟರಿನ ಮೇಲೆ. ನಮ್ಮ ಸೀಮೆಯಲ್ಲಿ 650 ಮೀಟರಿನೊಳಗೆ ಏನೇನಿರುತ್ತದೆ ಯೋಚಿಸಿ. ಪಕ್ಕದ ಹೊಲದ ಮಂಚಿಕೆ ಮೇಲೆ ಒಬ್ಬ ಮಲಗಿರುತ್ತಾನೆ, ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿ ಕುರಿಗಾಹಿಗಳು ಕಂಬಳಿ ಹೊದ್ದಿರುತ್ತಾರೆ, ಮೋಟಾರು ಚಾಲೂ ಮಾಡಲು ರಾತ್ರಿ ಎರಡಕ್ಕೆ ಯಾರೋ ಬ್ಯಾಟರಿ ಹಿಡಿದು ಹೊರಟಿರುತ್ತಾರೆ. ಮೇಲಾಗಿ ದುರ್ಗದ ನೆಲವೆಲ್ಲ ಬಂಡೆ. ಬಂಡೆಗೆ ತಗುಲಿದ ಸೀಸ ಯಾವ ಕಡೆ ಹಾರುತ್ತದೋ ಹೇಳಲಾಗದು. ಮಂಚಿಕೆ ಮೇಲಿಂದ ಕೆಳಮುಖವಾಗಿ, ಹಿಂದೆ ಮೆತ್ತನೆ ಮಣ್ಣಿದ್ದರೆ ಮಾತ್ರ ಹೊಡೆಯಬೇಕೆಂದು ಅಪ್ಪ ಹೇಳುತ್ತಿದ್ದ. ಸಪಾಟು ನೆಲದಲ್ಲಿ ನಿಂತು ಅಡ್ಡಡ್ಡಕ್ಕೆ ಹೊಡೆದದ್ದನ್ನು ನಾನು ಅವನಲ್ಲಿ ನೋಡಿಲ್ಲ.

ತಾತನ ಕಾಲದ ಇಂಗ್ಲಿಷ್ ಜೋಡುನಳಿಗೆ ಐತೆ. ಈಗಿನ ತೋಟಾ ಸಲೀಸಾಗಿ ಕೂರ್ತದೆ. ಹೊಡೀಬೋದಾ?

ಕೂರುತ್ತದೆ, ಅದೇ ಮೋಸ. ಹಳೆಯ ಎಷ್ಟೋ ಇಂಗ್ಲಿಷ್ ಕೋವಿಗಳ ಕೋಣೆ 65 ಮಿ.ಮೀ. ಈಗಿನ ತೋಟಾ 70. ತೋಟಾದ ಮೇಲೆ ಬರೆದಿರುವ ಅಳತೆ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಚಿದ ಬಾಯಿ ಇರುವಾಗ ಅದು ಗಿಡ್ಡ, ಆದ್ದರಿಂದ ಸಲೀಸಾಗಿ ಹೋಗುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ನಳಿಗೆಯ ಇಕ್ಕಟ್ಟಿಗೆ ಚಾಚಿಕೊಂಡು ಒತ್ತಡ ಏರುತ್ತದೆ.

ಇನ್ನೊಂದು, ನಳಿಗೆ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆ ಕಾಣುತ್ತಿದೆಯೇ ನೋಡಿ. ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಇಂಥವನ್ನು ಬಹುಪಾಲು ಕರಿಮದ್ದಿನ ಕಾಲಕ್ಕೆ ಮಾಡಿದ್ದು, ಈಗಿನ ತೋಟಾದ ಒತ್ತಡಕ್ಕಲ್ಲ. ನಳಿಗೆಯ ಅಡಿಯ ಪರೀಕ್ಷಾ ಮುದ್ರೆ ಓದಬಲ್ಲ ಲೈಸೆನ್ಸುದಾರ ರಿಪೇರಿಯವರಿಗೆ ತೋರಿಸುವವರೆಗೆ ಗೋಡೆ ಮೇಲಿರಲಿ.

ಮಳೇಲಿ ನೆಂದ ತೋಟಾ ಒಣಗಿಸಿ ಹೊಡೀಬೋದಾ?

ಬೇಡ. ನಾನು ಒಮ್ಮೆ ಹೊಡೆದೆ. 'ಢಂ' ಎನ್ನುವ ಬದಲು 'ಪುಸ್' ಎಂದಿತು. ಇನ್ನೊಂದು ತೋಟಾ ತುಂಬಲು ಹೊರಟವನನ್ನು ಅಣ್ಣ ತಡೆದ. ಕೋವಿ ಬಿಚ್ಚಿ ನೋಡಿದರೆ ಮದ್ದಿಗೂ ಚರೆಗೂ ನಡುವೆ ಇರುವ ಬಿರಡೆ ನಳಿಗೆಯ ಮಧ್ಯೆ ಕಚ್ಚಿಕೊಂಡು ಕೂತಿತ್ತು. ಸದ್ದು ಸಣ್ಣಗೆ ಬಂದರೆ ತೋಟಾ ತೆಗೆದು ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡದೆ ಮುಂದಿನ ಈಡು ಹಾಕಬೇಡಿ.

## ಕೈಯಾರೆ ತುಂಬುವುದು

ಕೇಪಿನ ಕೋವಿಗೆ ಎಷ್ಟು ಮದ್ದು ಹಾಕಬೇಕು? ಒಂದು ಅಳತೆ ಹೇಳಿ.

ಹೇಳುವುದಿಲ್ಲ. ಒಂದೊಂದು ನಳಿಗೆಯ ದಪ್ಪ, ವಯಸ್ಸು, ಒಳಗಿನ ತುಕ್ಕು ಬೇರೆ. ನನ್ನ ಕೋವಿಗೆ ಸರಿಹೋದದ್ದು ನಿಮ್ಮದನ್ನು ಸೀಳಬಹುದು. ಕೋವಿ ನೋಡಿದ ರಿಪೇರಿಯವರು ಹೇಳಬೇಕಾದ ಮಾತದು.

ಅಳತೆಗಿಂತ ಹೆಚ್ಚು ಜನ ಕೆಡುವುದು ಮರೆವಿನಲ್ಲಿ. ಸಂಜೆ ತುಂಬಿಟ್ಟಿದ್ದು ಮರೆತು ರಾತ್ರಿ ಅದರ ಮೇಲೇ ಇನ್ನೊಂದು ಈಡು ತುಂಬುತ್ತಾರೆ. ಅಪ್ಪ ಗಜದ ಮೇಲೆ, ಅಂದರೆ ನಳಿಗೆಗೆ ಮದ್ದು ಗಿಡಿಯುವ ಕೋಲಿನ ಮೇಲೆ, ಎರಡು ಗೀಟು ಹಾಕಿದ್ದ. ನಳಿಗೆ ಖಾಲಿ ಇದ್ದಾಗ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೊಂದು, ಸರಿಯಾಗಿ ತುಂಬಿದಾಗ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೊಂದು. ಮದ್ದು ಮುಟ್ಟುವ ಮೊದಲು ಗಜ ಇಳಿಸಿ ನೋಡುವುದು ಅವನಿಗೆ ದೇವರಿಗೆ ಕೈ ಮುಗಿದಷ್ಟೇ ರೂಢಿ. ಕೇಪು ಸಿಡಿದು ಮದ್ದು ಹೊತ್ತದಿದ್ದರೆ ಬಾಯಿಯನ್ನು ಬಯಲಿನ ನೆಲದ ಕಡೆ ಹಿಡಿದು ಒಂದು ನಿಮಿಷ ಕಾಯಬೇಕು. ತಡವಾಗಿ ಹೊತ್ತುವುದುಂಟು.

ಹೊಡೆದ ದಿನವೇ ಬಿಸಿನೀರಲ್ಲಿ ನಳಿಗೆ ತೊಳೆದು ಒಣಗಿಸಿ ಎಣ್ಣೆ ಬಿಡಿ. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ.

ಹಳೇ ತೋಟಾ ಬಿಚ್ಚಿ ಅದರ ಮದ್ದು ಕೇಪಿನ ಕೋವಿಗೆ ಹಾಕಿದ್ರೆ?

ಈ ಪುಟದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ತೋಟಾದೊಳಗಿರುವುದು ಹೊಗೆಯಿಲ್ಲದ ಮದ್ದು. ಕರಿಮದ್ದಿನ ಅಷ್ಟೇ ಜಾಗ ತುಂಬಿದರೆ ಅದರಲ್ಲಿ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಇರುತ್ತದೆ. ಒತ್ತಡ ಹೆಚ್ಚಿದಷ್ಟೂ ಅದು ಇನ್ನೂ ಜೋರಾಗಿ ಉರಿಯುತ್ತದೆ. ಕೇಪಿನ ಕೋವಿ ಆ ಒತ್ತಡಕ್ಕೆ ಮಾಡಿದ್ದಲ್ಲ. ನಳಿಗೆ ಹಿಂಭಾಗದಲ್ಲಿ ಒಡೆಯುತ್ತದೆ, ನಿಮ್ಮ ಮುಖ ಇರುವುದೂ ಅಲ್ಲೇ.

ಅಮೆರಿಕದೋರು ಮನೇಲೇ ತೋಟಾ ತುಂಬ್ತಾರೆ, ಯೂಟ್ಯೂಬಲ್ಲಿ ನೋಡಿದೆ. ನಾವ್ಯಾಕೆ ಮಾಡಬಾರದು?

ಮೊದಲನೆಯದು ಕಾನೂನು. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸು ಬೇಕು. ಬೆಳೆ ಕಾಯುವ ಲೈಸೆನ್ಸು ಅದಕ್ಕೆ ಆಗದು. 2019ರ ಮೇಲೆ ಲೈಸೆನ್ಸಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ.

ಎರಡನೆಯದು, ಅವರು ಅದನ್ನು ಮಾಡುವ ಕಾರಣ ನಮಗೆ ಇಲ್ಲ. ಅವರು ಹೊಡೆದ ಹಿತ್ತಾಳೆ ಕೋಶ ಎತ್ತಿಟ್ಟು, ಹೊಸ ಕೇಪು, ತೂಗಿದ ಮದ್ದು, ಹೊಸ ಗುಂಡು ಕೂರಿಸುತ್ತಾರೆ. ಮದ್ದನ್ನು ಒಂದು ಗ್ರೇನಿನ ಹತ್ತನೇ ಒಂದು ಪಾಲಿನವರೆಗೆ, ಅಂದರೆ 6.5 ಮಿಲಿಗ್ರಾಂವರೆಗೆ ತೂಗುತ್ತಾರೆ. ಅಕ್ಕಸಾಲಿಗರ ತಕ್ಕಡಿಯ ಕೆಲಸ. ಇದೆಲ್ಲ 300 ಮೀಟರ್ ದೂರದ ಕಿತ್ತಳೆ ಹಣ್ಣಿನಷ್ಟು ಗುರಿಗೆ ಒಂದೇ ಜಾಗದಲ್ಲಿ ಗುಂಡು ಬೀಳಿಸಲು. ಅಷ್ಟು ಮಾಡಿಯೂ ಕಾರ್ಖಾನೆಯ ಕೈಪಿಡಿಯ ಕನಿಷ್ಠ ಅಳತೆಯಿಂದ ಶುರುಮಾಡಿ, ಕೇಪು ಚಪ್ಪಟೆಯಾಗುತ್ತಿದೆಯೇ, ರೈಫಲ್ಲಿನ ಬೋಲ್ಟು ಬಿಗಿಯಾಗುತ್ತಿದೆಯೇ ಎಂದು ಒತ್ತಡದ ಗುರುತು ನೋಡುತ್ತಾ ಚೂರು ಚೂರೇ ಏರಿಸುತ್ತಾರೆ. 25 ಗಜದಲ್ಲಿ ಚರೆ ಹೊಡೆಯುವ ನಮಗೆ ಆ ನಿಖರತೆಯಿಂದ ಆಗುವುದು ಏನೂ ಇಲ್ಲ.

ಅವರ .223, .22-250 ಗುಂಡು ನಮ್ಮ ಕಿರುಬೆರಳಿಗಿಂತ ಸಣ್ಣದು. ಅಷ್ಟು ಸಣ್ಣದನ್ನ ಅಷ್ಟು ಜೋರಾಗಿ ಯಾಕೆ ಹೊಡೀತಾರೆ?

ಇದನ್ನು ಕೇಳಿದವನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ. ಒಳ್ಳೆಯ ಪ್ರಶ್ನೆ, ಹೊಲಕ್ಕೆ ಉಪಯೋಗವಿಲ್ಲದಿದ್ದರೂ.

ಇವು 'ವರ್ಮಿಂಟ್', ಅಂದರೆ ಪೀಡೆ ಪ್ರಾಣಿ ಹೊಡೆಯುವ ರೈಫಲ್ ತೋಟಾಗಳು, .22 ಎಂಬುದು ಇಂಚಿನ ಅಳತೆ. ಅವರು ವರ್ಮಿಂಟ್ ಎನ್ನುವುದು ಹುಲ್ಲುಗಾವಲಿನ ಪ್ರೇರಿ ನಾಯಿ, ಗ್ರೌಂಡ್‌ಹಾಗ್, ಕಯೋಟಿಯಂಥವನ್ನು. ಪ್ರೇರಿ ನಾಯಿ ಒಂದು ಕಿಲೋ ತೂಗುವ ಅಳಿಲಿನ ಜಾತಿ, ಬಿಲದ ಬಾಯಲ್ಲಿ ನಿಂತಿರುತ್ತದೆ. ದೂರ ಎಷ್ಟೆಂದು ಅಂದಾಜು ತಪ್ಪಿದರೂ ಗುಂಡು ಮೇಲೆ ಕೆಳಗೆ ಆಗಬಾರದು ಎಂದರೆ ಅದರ ದಾರಿ ನೇರವಿರಬೇಕು, ಅದಕ್ಕೆ ವೇಗ ಬೇಕು. 1930ರ ಸುಮಾರಿಗೆ ಬಂದ .22 ಹಾರ್ನೆಟ್ ಸೆಕೆಂಡಿಗೆ 800 ಮೀಟರ್ ಮುಟ್ಟುತ್ತಿತ್ತು. 1965ರಿಂದ ಕಾರ್ಖಾನೆಯಲ್ಲಿ ಬಂದ .22-250 ರೆಮಿಂಗ್ಟನ್ 55 ಗ್ರೇನಿನ, ಅಂದರೆ ಮೂರೂವರೆ ಗ್ರಾಮಿನ ಗುಂಡನ್ನು ಸೆಕೆಂಡಿಗೆ 1,100 ಮೀಟರ್ ವೇಗಕ್ಕೆ ಒಯ್ಯುತ್ತದೆ. 2004ರ .204 ರೂಗರ್ ಇನ್ನೂ ಹಗುರ, ಇನ್ನೂ ವೇಗ. ಗುಂಡಿನ ಕವಚ ತೆಳ್ಳಗಿರುತ್ತದೆ, ನೆಲಕ್ಕೆ ತಗುಲಿದೊಡನೆ ಪುಡಿಯಾಗಿ ಪುಟಿಯುವುದು ಕಡಿಮೆಯಾಗಲಿ ಎಂದು. ರೈಫಲ್ ನಳಿಗೆಯೊಳಗೆ ಗುಂಡನ್ನು ಗಿರಗಿರ ತಿರುಗಿಸುವ ಸುರುಳಿ ಗೀರು ಇರುತ್ತದೆ. ಹಗುರ ಗುಂಡಿಗೆ ಆ ತಿರುವು ನಿಧಾನವಿದ್ದರೆ ಸಾಕು, 12 ಇಂಚಿಗೆ ಒಂದು ಸುತ್ತು. ಉದ್ದನೆಯ ಭಾರದ ಗುಂಡಿಗೆ 8 ಅಥವಾ 7 ಇಂಚಿಗೆ ಒಂದು ಬೇಕು, ಇಲ್ಲದಿದ್ದರೆ ಬುಗುರಿ ತೂರಾಡಿದಂತೆ ತೂರಾಡುತ್ತದೆ.

ವೇಗಕ್ಕೆ ಬೆಲೆಯೂ ಇದೆ. 12 ಬೋರಿನ ಮಾಮೂಲಿ ತೋಟಾದ ಗರಿಷ್ಠ ಒತ್ತಡ 11,500 ಪಿಎಸ್‌ಐ (ಚದರ ಇಂಚಿಗೆ ಅಷ್ಟು ಪೌಂಡು), .223ರದು 55,000, .22-250ರದು 65,000. ಮದ್ದಿನ ಅಳತೆ ಸ್ವಲ್ಪ ತಪ್ಪಿದರೂ ಏನಾಗುತ್ತದೆ ಎಂಬುದನ್ನು ಇಂಜಿನಿಯರಿಂಗ್ ಓದುವವನಿಗೆ ನಾನು ಹೇಳಬೇಕಾಗಿರಲಿಲ್ಲ. ಇನ್ನು ಹಂದಿಗೆ ಇಂಥ ತೆಳು ಕವಚದ ಗುಂಡು ಸಲ್ಲದು. ಭುಜದ ಮೇಲೇ ಒಡೆದು ಹೋಗುತ್ತದೆ.

## ರಾತ್ರಿ, ಹೊಲದಲ್ಲಿ

ಸಿಡಿಮದ್ದು ಉಂಡೆ, ಕರೆಂಟ್ ತಂತಿ ಇಡ್ತಾರಲ್ಲ, ಖರ್ಚು ಕಮ್ಮಿ?

ಎರಡೂ ಅಪರಾಧ, ಉರುಳು ಹಾಕುವುದೂ ಸೇರಿ. ಸಿಡಿಮದ್ದು ಕಚ್ಚಿ ದವಡೆ ಹಾರಿದ ಎಮ್ಮೆಯನ್ನು ನಾನು ನೋಡಿದ್ದೇನೆ. ಮೋಟಾರಿನ ಲೈನಿನಿಂದ ಎಳೆದ ತಂತಿಗೆ ಮೊದಲು ಸಿಗುವುದು ಬೆಳಗಿನ ಜಾವ ನೀರು ತಿರುಗಿಸಲು ಬಂದ ನಿಮ್ಮ ಮನೆಯವರೇ.

ಹಂಗಾದ್ರೆ ಏನ್ ಮಾಡೋದು ಹೇಳ್ರಿ.

ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಮೆಕ್ಕೆಜೋಳ ಹಾಲುಗಾಳು ಕಟ್ಟಿದಾಗ, ಶೇಂಗಾ ಕಾಯಿ ತುಂಬುವಾಗ ವಾಸನೆ ಹಿಡಿದು ಬರುತ್ತದೆ. ಆ ಮೂರು ವಾರ ಕಾದರೆ ಮುಕ್ಕಾಲು ಬೆಳೆ ಉಳಿದಂತೆ. ಮೆಕ್ಕೆಜೋಳದ ಸುತ್ತ ನಾಲ್ಕು ಸಾಲು ಔಡಲ ಒತ್ತಾಗಿ ಹಾಕಿದರೆ ನುಗ್ಗುವುದು ಕಡಿಮೆಯಾಗುತ್ತದೆ.

ಸೋಲಾರ್ ಬೇಲಿ ಹಾಕಿಸಿದವರು 'ಕೆಲಸ ಮಾಡಲ್ಲ' ಎಂದಾಗ ನಾನು ಮೊದಲು ನೋಡುವುದು ಅರ್ಥಿಂಗ್. ಹಂದಿಗೆ ಶಾಕ್ ಹೊಡೆಯಬೇಕಾದರೆ ಕರೆಂಟು ಅದರ ಮೈಯಿಂದ ನೆಲಕ್ಕಿಳಿದು ಯಂತ್ರಕ್ಕೆ ಮರಳಬೇಕು. ನಮ್ಮ ಒಣ ಕೆಂಪು ಮಣ್ಣು ಅದಕ್ಕೆ ಬಿಡುವುದಿಲ್ಲ. ಅರ್ಥ್ ರಾಡಿನ ಬುಡಕ್ಕೆ ನೀರು ಹಾಕಿ, ಅಥವಾ ತಂತಿಗಳಲ್ಲಿ ಒಂದನ್ನು ಅರ್ಥಿಗೆ ಜೋಡಿಸಿ. ಕೆಳಗಿನ ತಂತಿ ನೆಲದಿಂದ ಒಂದಡಿಯೊಳಗೆ ಇರಲಿ, ಕಳೆ ತಾಗದಂತೆ ಸವರುತ್ತಿರಿ. ಬೆಳೆ ಹೋದರೆ ಫೋಟೋ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಿಸಿ. ಬರುವ ದುಡ್ಡು ಬೆಳೆಗೆ ಸಮನಲ್ಲ, ಆದರೆ ಹಂದಿ ಕಾಟದ ದಾಖಲೆ ಸರ್ಕಾರದ ಪುಸ್ತಕದಲ್ಲಿ ಸೇರುತ್ತದೆ. ನಾಳೆ 11(1)(ಬಿ) ಅನುಮತಿ ಕೇಳುವಾಗ ಅದೇ ಕಾಗದ ಕೈ ಹಿಡಿಯುತ್ತದೆ.

ಗಾಯ ಆಗಿ ಹೋದ ಹಂದೀನ ಹಿಂಬಾಲಿಸಬೋದಾ?

ಕತ್ತಲಲ್ಲಿ ಬೇಡ. ಗಾಯಗೊಂಡದ್ದು ಜಾಲಿ ಮೆಳೆಯೊಳಗೆ ತಿರುಗಿ ನಿಂತಿರುತ್ತದೆ, ಕೋರೆ ಬೀಸುವುದು ನಿಮ್ಮ ತೊಡೆಯ ಎತ್ತರಕ್ಕೆ. ಅರಣ್ಯದವರಿಗೆ ಫೋನು ಮಾಡಿ, ಬೆಳಗಾದ ಮೇಲೆ ಅವರ ಜೊತೆ ಹೋಗಿ.

ಚುನಾವಣೇಲಿ ಕೋವಿ ಠಾಣೇಲಿ ಇಟ್ರೆ ಬೆಳೆ ಯಾರು ಕಾಯೋದು?

ಜಿಲ್ಲಾ ಪರಿಶೀಲನಾ ಸಮಿತಿಗೆ ಕಾರಣ ಬರೆದು ವಿನಾಯಿತಿ ಕೇಳಬಹುದು, ಪಹಣಿ ಲಗತ್ತಿಸಿ ಮುಂಚೆಯೇ ಕೊಡಿ. ಸಿಗದಿದ್ದರೆ ತಮಟೆ. ಒಂದು ವರ್ಷ ಕೋವಿ ಠಾಣೆಯಲ್ಲಿದ್ದಾಗ ನಾನೂ ಅಣ್ಣನೂ ಪಾಳಿ ಹಾಕಿಕೊಂಡು ಮಂಚಿಕೆ ಮೇಲೆ ತಮಟೆ ಬಡಿದೆವು. ಹಂದಿ ತಿಂದದ್ದು ಆರು ಸಾಲು. ಅದರ ಹಿಂದಿನ ವರ್ಷ, ಕೋವಿ ಮನೆಯಲ್ಲೇ ಇದ್ದಾಗ, ಒಂಬತ್ತು ಸಾಲು ತಿಂದಿತ್ತು. ಕೋವಿ ಇದೆಯಲ್ಲ ಎಂದು ಇಬ್ಬರೂ ನಿದ್ದೆ ಹೊಡೆದಿದ್ದೆವು.

ಒಪ್ಪಿಸುವಾಗ ನಳಿಗೆಗೆ ಒಳಗೂ ಹೊರಗೂ ಎಣ್ಣೆ ಸವರಿ ಬಟ್ಟೆ ಸುತ್ತಿ ಕೊಡಿ. ರಸೀದಿಯಲ್ಲಿ ಕೋವಿಯ ನಂಬರನ್ನು ಅಲ್ಲೇ ನಿಂತು ಓದಿ ನೋಡಿ. ನನ್ನದರಲ್ಲಿ ಒಮ್ಮೆ 3 ಇದ್ದದ್ದು 8 ಆಗಿತ್ತು, ಬಿಡಿಸಿಕೊಳ್ಳಲು ನಾಲ್ಕು ಸಲ ಓಡಾಡಿದೆ.